ತೊಟ್ಟಿಯ ಪುಟ್ಟ ಮೀನು: ಗಂಡೋ, ಹೆಣ್ಣೋ?

ಹುಂಜ ಯಾವುದು, ಹೇಂಟೆ ಯಾವುದು ಎಂದು ಹೇಳುವುದಕ್ಕೆ ಯಾರೂ ಪ್ರಾಣಿಶಾಸ್ತ್ರವನ್ನು ಓದಬೇಕಾಗಿಲ್ಲ. ನವಿಲಿನ ವಿಷಯದಲ್ಲಿಯೂ ಹಾಗೆಯೇ. ಮೀನುಗಳಲ್ಲಿ ಮಾತ್ರ ಈ ಪ್ರಶ್ನೆ ಅಷ್ಟು ಸುಲಭವಲ್ಲ. ಅನೇಕ ಜಾತಿಗಳಲ್ಲಿ ಗಂಡೂ ಹೆಣ್ಣೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಸಾವಿರಾರು ಮೀನುಗಳನ್ನು ಕೆರೆಗೆ ಬಿಟ್ಟು ಬೆಳೆಸುವವನಿಗೆ ಇದರಿಂದ ಬಾಧಕವೇನೂ ಇಲ್ಲ. ಆದರೆ ಮನೆಯ ಮೂಲೆಯಲ್ಲಿ ಅರವತ್ತು ಲೀಟರಿನ ಗಾಜಿನ ತೊಟ್ಟಿಯನ್ನಿಟ್ಟುಕೊಂಡು, ಜೋಡಿಯಾಗಿಯೇ ಬಾಳುವ ಮೀನುಗಳನ್ನು ಸಾಕಬೇಕೆನ್ನುವವನಿಗೆ ಇದೇ ಮೊದಲನೆಯ ಪ್ರಶ್ನೆ. ಅಂಗಡಿಯವನು 'ಜೋಡಿ' ಎಂದು ಹೇಳಿ ಕೊಟ್ಟ ಎರಡು ಮೀನುಗಳೂ ಗಂಡಾಗಿದ್ದರೆ, ಬಲವಾದುದು ಇನ್ನೊಂದನ್ನು ಮೂಲೆಗೆ ಅಟ್ಟಿ, ಅದರ ರೆಕ್ಕೆಗಳನ್ನು ಹರಿದು, ಆಹಾರಕ್ಕೂ ಹೊರಬಾರದಂತೆ ಮಾಡಿ ಕೊಂದರೂ ಕೊಂದೀತು. ಎರಡೂ ಹೆಣ್ಣಾಗಿದ್ದರೆ ಜಗಳ ಕಡಮೆ. ಮರಿಗಳ ಆಸೆಯನ್ನು ಮಾತ್ರ ಬಿಡಬೇಕಾಗುತ್ತದೆ.

ಗುರುತಿಸುವುದು ಹೇಗೆ ಎಂಬ ಈ ಪ್ರಶ್ನೆಯ ಹಿಂದೆಯೇ ಇನ್ನೊಂದು ಪ್ರಶ್ನೆಯೂ ಇದೆ. ಒಂದೇ ತಾಯಿಯ ಒಂದೇ ದಿನದ ಮೊಟ್ಟೆಗಳಲ್ಲಿ ಕೆಲವು ಗಂಡಾಗಿ ಕೆಲವು ಹೆಣ್ಣಾಗಿ ಬೆಳೆಯುವುದೇಕೆ? ನಾವು ನೋಡಲಿರುವ ಮೀನುಗಳಲ್ಲಿ ಇದಕ್ಕೆ ಉತ್ತರ ಮೊಟ್ಟೆಯೊಳಗೆ ಮಾತ್ರ ಅಡಗಿಲ್ಲ. ಮರಿ ಈಜಾಡುವ ನೀರಿನಲ್ಲಿಯೂ ಇದೆ. ಆದುದರಿಂದ ಇಲ್ಲಿ ನೀರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಈ ಮೀನುಗಳು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದವು. ೧,೭೦೦ಕ್ಕೂ ಹೆಚ್ಚು ಜಾತಿಗಳಿರುವ ಈ ಕುಟುಂಬದ ಬಹುಪಾಲು ಆಫ್ರಿಕದಲ್ಲಿಯೂ ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿಯೂ ಇದೆ. ಭಾರತದ ಸ್ವಂತ ಸಿಕ್ಲಿಡ್ಡುಗಳು ಮೂರೇ ಮೂರು. ಅವುಗಳಲ್ಲಿ ಒಂದು ನಮ್ಮ ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳಲ್ಲಿ ವಾಸಿಸುತ್ತದೆ. ಫ್ರಾನ್ಸಿಸ್ ಡೇ ಎಂಬ ಆಂಗ್ಲ ವೈದ್ಯನು ೧೮೭೭ರಲ್ಲಿ ಅದನ್ನು ವರ್ಣಿಸಿ, ಕೆನರಾ ಸೀಮೆಯ ಹೆಸರನ್ನೇ ಸೇರಿಸಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಕರೆದನು. ನಮ್ಮ ಮೀನುಪೇಟೆಗಳಲ್ಲಿ 'ಜಿಲೇಬಿ'ಯೆಂದು ಮಾರುವ ತಿಲಾಪಿಯವೂ ಇದೇ ಕುಟುಂಬದ್ದು. ಆದರೆ ಅದು ಆಫ್ರಿಕದಿಂದ ಬಂದ ನಂಟ, ೧೯೫೨ರಲ್ಲಿ ಭಾರತಕ್ಕೆ ತರಲಾದುದು. ಮೊಟ್ಟೆಗಳನ್ನೂ ಮರಿಗಳನ್ನೂ ಕಾವಲಿದ್ದು ಕಾಪಾಡುವುದು ಈ ಕುಟುಂಬದ ದೊಡ್ಡ ಗುಣ. ಸಾಮಾನ್ಯ ಮೀನು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಸಿಕ್ಲಿಡ್ ಸಂಸಾರ ಹೂಡುತ್ತದೆ. ಮನೆಯಲ್ಲಿ ಇವನ್ನು ಸಾಕುವವರ ಸಂತೋಷವೆಲ್ಲ ಈ ಸಂಸಾರವನ್ನು ನೋಡುವುದರಲ್ಲಿಯೇ ಇದೆ.

ತಿಲಾಪಿಯದಂತಹ ದೊಡ್ಡ ಸಿಕ್ಲಿಡ್ಡುಗಳು ಗಟ್ಟಿಗ ಮೀನುಗಳು. ಕುಳ್ಳ ಸಿಕ್ಲಿಡ್ಡುಗಳೆಂದು ಕರೆಯುವ, ನಾಲ್ಕರಿಂದ ಎಂಟು ಸೆಂಟಿಮೀಟರಿನ ಮೀನುಗಳ ಕಥೆಯೇ ಬೇರೆ. ಅವುಗಳಲ್ಲಿ ಅತ್ಯಂತ ಸುಂದರವೂ ಅತ್ಯಂತ ಸುಕುಮಾರವೂ ಆದುದು ಅಂಗಡಿಗಳಲ್ಲಿ 'ರ್ಯಾಮ್' ಎಂಬ ಹೆಸರಿನಿಂದ ದೊರೆಯುವ ಮೀನು. ಈ ಹೆಸರಿಗೂ ಇಂಗ್ಲಿಷಿನ ಟಗರಿಗೂ ಯಾವ ಸಂಬಂಧವೂ ಇಲ್ಲ. ವೆನೆಜುವೆಲ ಮತ್ತು ಕೊಲಂಬಿಯಗಳ ಓರಿನೋಕೋ ನದಿಯ ಬಯಲುಸೀಮೆಯಲ್ಲಿ ಇದನ್ನು ಹಿಡಿದು ತಂದವರಲ್ಲಿ ಒಬ್ಬನಾದ ರಾಮಿರೆಜ್ ಎಂಬುವನ ಹೆಸರು ಮೀನಿಗೆ ಅಂಟಿಕೊಂಡು, ವ್ಯಾಪಾರಿಗಳ ಬಾಯಲ್ಲಿ ಮೊಟಕಾಯಿತು. ಮೈಯರ್ಸ್ ಮತ್ತು ಹ್ಯಾರಿ ಎಂಬ ವಿಜ್ಞಾನಿಗಳು ೧೯೪೮ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಈಗಿನ ಪೂರ್ಣನಾಮ ಮೈಕ್ರೋಜಿಯೋಫೇಗಸ್ ರಾಮಿರೆಜಿ. ಮೀನಿಗಿಂತ ಹೆಸರೇ ಉದ್ದವಾಗಿದೆಯೆಂದರೆ ತಪ್ಪಲ್ಲ.

ಹಳದಿ ಮೈ, ಕಣ್ಣನ್ನು ಹಾದುಹೋಗುವ ಕಪ್ಪು ಪಟ್ಟೆ, ಮೈಯೆಲ್ಲ ಚೆಲ್ಲಿದ ನೀಲಿ ಚುಕ್ಕೆಗಳು, ಪಕ್ಕೆಯ ನಡುವೆ ಒಂದು ಕಪ್ಪು ಮಚ್ಚೆ: ಇದು ರ್ಯಾಮಿನ ಸ್ಥೂಲವಾದ ರೂಪ. ಇನ್ನು ಗಂಡು ಹೆಣ್ಣುಗಳ ಗುರುತುಗಳು. ವಯಸ್ಸಿಗೆ ಬಂದ ಹೆಣ್ಣಿನ ಹೊಟ್ಟೆ ಗುಲಾಬಿ ಇಲ್ಲವೆ ನೇರಳೆಗೆಂಪು ಬಣ್ಣಕ್ಕೆ ತಿರುಗುತ್ತದೆ. ಗಂಡಿನ ಬೆನ್ನಿನ ರೆಕ್ಕೆಯ ಮುಂಭಾಗದ ಮುಳ್ಳುಗಳಲ್ಲಿ ಎರಡನೆಯದು, ಕೆಲವು ವೇಳೆ ಮೂರನೆಯದೂ, ಉಳಿದವನ್ನು ಮೀರಿ ಜುಟ್ಟಿನಂತೆ ಎದ್ದುನಿಲ್ಲುತ್ತದೆ. ಗಂಡು ತುಸು ದೊಡ್ಡದು. ಅದರ ಬೆನ್ನಿನ ರೆಕ್ಕೆಯ ಹಿಂತುದಿ ಹೆಚ್ಚು ಚೂಪು. ನಾಲ್ಕನೆಯ ಗುರುತು ಪಕ್ಕೆಯ ಆ ಕಪ್ಪು ಮಚ್ಚೆಯಲ್ಲಿದೆ. ಹೆಣ್ಣಿನಲ್ಲಿ ಮಚ್ಚೆಯ ಕಪ್ಪಿನ ಮೇಲೆಯೇ ನೀಲಿ ಚುಕ್ಕೆಗಳು ಮಿನುಗುತ್ತವೆ. ಗಂಡಿನಲ್ಲಿ ಮಚ್ಚೆ ಸಾಮಾನ್ಯವಾಗಿ ಅಚ್ಚಗಪ್ಪು.

ಈ ಕೊನೆಯ ಗುರುತು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವಂಥದು. ಅದನ್ನು ತಪ್ಪಾಗಿ ಓದುವವರೂ ಬಹಳ ಮಂದಿ. ಮೀನಿನ ಹಳದಿ, ಕೆಂಪು, ಕಪ್ಪುಗಳು ನಿಜವಾದ ಬಣ್ಣದ ಕಣಗಳಿಂದ ಬಂದವು. ನೀಲಿ ಹಾಗಲ್ಲ. ಮೀನಿನ ಚರ್ಮವನ್ನು ಎಷ್ಟು ಅರೆದರೂ ಆ ನೀಲಿಯ ಹುಡಿ ದೊರೆಯುವುದಿಲ್ಲ. ಚರ್ಮದ ಕೆಲವು ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿ ತೆಳುವಾದ ಹರಳುತಟ್ಟೆಗಳು ಪದರ ಪದರವಾಗಿ ಜೋಡಿಸಿಕೊಂಡಿವೆ. ಒಂದೊಂದು ಪದರದಿಂದಲೂ ಹಿಂದಿರುಗಿದ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿ, ನೀಲಿ ಅಲೆಗಳು ಪರಸ್ಪರ ಬಲಗೊಂಡು ಉಳಿದವು ಕುಗ್ಗುತ್ತವೆ. ಇದನ್ನೇ ವ್ಯತಿಕರಣವೆನ್ನುವರು. ಸಾಬೂನಿನ ಗುಳ್ಳೆಯ ಬಣ್ಣ, ಮಳೆಯಲ್ಲಿ ನೆನೆದ ರಸ್ತೆಯ ಮೇಲಿನ ಎಣ್ಣೆಪೊರೆಯ ಬಣ್ಣ, ಇವೂ ಇದೇ ಬಗೆಯವು. ಪದರಗಳನ್ನು ದಾಟಿ ಒಳಕ್ಕೆ ಹೋದ ಬೆಳಕನ್ನು ಕೆಳಗಿರುವ ಕಪ್ಪು ನುಂಗಿಬಿಡುತ್ತದೆಯಾದುದರಿಂದ ಮಚ್ಚೆಯ ಮೇಲಿನ ನೀಲಿ ಉಳಿದೆಡೆಗಿಂತ ಶುದ್ಧವಾಗಿ ಹೊಳೆಯುತ್ತದೆ.

ಇದರಿಂದ ಒಂದು ವ್ಯಾವಹಾರಿಕ ಪಾಠ ಹೊರಡುತ್ತದೆ. ಬೆಳಕು ಹಿಂದಿರುಗಿ ನಮ್ಮ ಕಣ್ಣಿಗೆ ಬರುವಂತಿದ್ದರೆ ಮಾತ್ರ ಆ ನೀಲಿ ಕಾಣುತ್ತದೆ. ತೊಟ್ಟಿಯ ಹಿಂದೆ ಕಿಟಕಿಯಿದ್ದರೆ, ಅಥವಾ ದೀಪ ಆಚೆಯ ಅಂಚಿನ ಮೇಲಿದ್ದರೆ, ಹೆಣ್ಣಿನ ಮಚ್ಚೆಯೂ ಅಚ್ಚಗಪ್ಪಾಗಿಯೇ ಕಾಣುವುದು. ದೀಪವನ್ನು ತೊಟ್ಟಿಯ ಮುಂದಣ ಅಂಚಿಗೆ ತಂದು, ಮೀನು ಪಕ್ಕೆಯನ್ನು ನಮ್ಮ ಕಡೆಗೆ ತಿರುಗಿಸುವವರೆಗೆ ಕಾದು ನೋಡಬೇಕು. ಹೆದರಿದ ಮೀನು ತನ್ನ ಕಪ್ಪನ್ನೇ ಕುಗ್ಗಿಸಿಕೊಂಡು ಬಿಳಿಚಿಕೊಳ್ಳುವುದುಂಟು. ಅಂಗಡಿಯಲ್ಲಿ ಬಲೆಯಾಡಿಸಿದ ಮರುಕ್ಷಣ ಲಿಂಗನಿರ್ಣಯ ಮಾಡಹೊರಡುವುದು ವ್ಯರ್ಥ.

ಇಷ್ಟಾದರೂ ಯಾವೊಂದು ಗುರುತನ್ನೂ ಪೂರ್ತಿಯಾಗಿ ನೆಚ್ಚಲಾಗದು. ಸಾಕಣೆಯ ಕೊಳಗಳಲ್ಲಿ ಹಲವು ತಲೆಮಾರು ಬೆಳೆದ ರ್ಯಾಮುಗಳಲ್ಲಿ ಉದ್ದ ಮುಳ್ಳಿನ ಹೆಣ್ಣುಗಳೂ, ಮಚ್ಚೆಯಲ್ಲಿ ಒಂದೆರಡು ನೀಲಿ ಚುಕ್ಕೆಯಿರುವ ಗಂಡುಗಳೂ ಇವೆ. ಚಿನ್ನದ ಬಣ್ಣದ, ಅಥವಾ ಮೈಯೆಲ್ಲ ನೀಲಿಯಾದ ತಳಿಗಳಲ್ಲಿ ಮಚ್ಚೆಯೇ ಮಾಯವಾಗಿರುತ್ತದೆ. ಎರಡು ಮೂರು ಗುರುತುಗಳು ಒಂದೇ ಮಾತನ್ನು ಹೇಳಿದರೆ ನಂಬಬಹುದು. ಒಂದು ಒಂದು ಕಡೆಗೂ ಇನ್ನೊಂದು ಇನ್ನೊಂದು ಕಡೆಗೂ ಎಳೆದರೆ ಕಾಯಬೇಕು. ನನ್ನ ಮಟ್ಟಿಗೆ ಹೊಟ್ಟೆಯ ಗುಲಾಬಿಗೆ ಹೆಚ್ಚು ತೂಕ, ಮುಳ್ಳಿನ ಉದ್ದಕ್ಕೆ ಅತಿ ಕಡಮೆ ತೂಕ. ಸಂಶಯಕ್ಕೆ ಎಡೆಯಿಲ್ಲದ ಗುರುತೆಂದರೆ ಮೊಟ್ಟೆಯಿಡುವುದಕ್ಕೆ ಒಂದೆರಡು ದಿನ ಮುಂಚೆ ಹೊಟ್ಟೆಯ ಕೆಳಗೆ ಹೊರಚಾಚುವ ಕಿರುನಾಳ. ಹೆಣ್ಣಿನಲ್ಲಿ ಅದು ದಪ್ಪ, ತುದಿ ಮೊಂಡು. ಗಂಡಿನಲ್ಲಿ ಸಣ್ಣದು, ತುದಿ ಚೂಪು. ಮೊಟ್ಟೆ ಹಾದುಬರಬೇಕಾದ ದಾರಿ ಅಗಲವಾಗಿರುವುದು ಸಹಜವೇ.

ಅಪಿಸ್ಟೋಗ್ರಾಮ ಎಂಬ ಗಣದ ಕುಳ್ಳ ಸಿಕ್ಲಿಡ್ಡುಗಳಲ್ಲಿ ವ್ಯತ್ಯಾಸ ಹೆಚ್ಚು ಸ್ಪಷ್ಟ. ಅಮೆಜಾನಿನ ಉಪನದಿಗಳಲ್ಲಿ, ಉದುರಿದ ಎಲೆಗಳ ಹಾಸಿನ ನಡುವೆ ಇವು ಬಾಳುತ್ತವೆ. ಗಂಡು ದೊಡ್ಡದು, ರೆಕ್ಕೆಗಳು ಉದ್ದ, ಬಣ್ಣ ಹೆಚ್ಚು. ಕಕಟುವಾಯಿಡಿಸ್ ಎಂಬ ಜಾತಿಯಲ್ಲಿ ಗಂಡಿನ ಬೆನ್ನಿನ ಮುಂದಣ ಮುಳ್ಳುಗಳು ಕಕಟೂ ಗಿಳಿಯ ಜುಟ್ಟಿನಂತೆ ನಿಲ್ಲುವುದರಿಂದಲೇ ಆ ಹೆಸರು. ಹೆಣ್ಣು ಚಿಕ್ಕದು, ಮಾಸಲು ಬಣ್ಣದ್ದು. ಆದರೆ ಮೊಟ್ಟೆಯಿಟ್ಟ ಮೇಲೆ ಅದು ನಿಂಬೆಹಣ್ಣಿನ ಹಳದಿಗೆ ತಿರುಗಿ, ಕಪ್ಪು ಗುರುತುಗಳು ಎದ್ದುಕಾಣುವಂತಾಗಿ, ತನಗಿಂತ ಎರಡರಷ್ಟಿರುವ ಗಂಡನ್ನೂ ಗೂಡಿನ ಬಳಿ ಸುಳಿಯಗೊಡದು. ಗೂಡೆಂದರೆ ಒಂದು ಪೊಟರೆ. ಮನೆಯ ತೊಟ್ಟಿಯಲ್ಲಿ ತೆಂಗಿನ ಕರಟವನ್ನು ಬೋರಲು ಹಾಕಿ, ಅಂಚಿನಲ್ಲಿ ಹೆಬ್ಬೆರಳಿನಷ್ಟು ಕಚ್ಚು ಕತ್ತರಿಸಿಟ್ಟರೆ ಹೆಣ್ಣು ಅದನ್ನು ಅರಮನೆಯಂತೆ ಒಪ್ಪಿಕೊಳ್ಳುತ್ತದೆ.

ಇಲ್ಲಿಯೂ ಒಂದು ಮೋಸವಿದೆ. ಒಂದು ದೊಡ್ಡ ಗಂಡಿನ ಆಳ್ವಿಕೆಯಿರುವ ತೊಟ್ಟಿಯಲ್ಲಿ ಕಿರಿಯ ಗಂಡುಗಳು ತಮ್ಮ ಬಣ್ಣವನ್ನು ಅಡಗಿಸಿಕೊಂಡು, ಹೆಣ್ಣಿನಂತೆ ಮಾಸಲಾಗಿಯೇ ಉಳಿಯುವುದುಂಟು. ಹೊಡೆತದಿಂದ ತಪ್ಪಿಸಿಕೊಳ್ಳಲು ಅವಕ್ಕೆ ಈ ವೇಷ ಅನುಕೂಲ. 'ಒಂದು ಗಂಡು, ಮೂರು ಹೆಣ್ಣು' ಎಂದು ಕೊಂಡುತಂದ ಗುಂಪಿನಲ್ಲಿ, ದೊಡ್ಡದು ಸತ್ತ ಕೆಲವು ವಾರಗಳಲ್ಲಿ 'ಹೆಣ್ಣೊಂದು' ರೆಕ್ಕೆ ಬೆಳೆಸಿ ಗಂಡಾಗಿ ಕಾಣಿಸಿಕೊಂಡರೆ ಅದು ಲಿಂಗಪರಿವರ್ತನೆಯಲ್ಲ, ವೇಷ ಕಳಚಿದ್ದಷ್ಟೆ.

ಇವುಗಳನ್ನು ಸುಕುಮಾರವೆಂದು ಏಕೆ ಕರೆದೆವು? ಅಂಗಡಿಯಿಂದ ತಂದ ರ್ಯಾಮ್ ಒಂದು ತಿಂಗಳೂ ಬಾಳದೆ ಸಾಯುವುದನ್ನು ಕಂಡವರು 'ಇದರ ಆಯುಸ್ಸೇ ಅಷ್ಟು' ಎನ್ನುವುದುಂಟು. ಸರಿಯಾದ ನೀರಿನಲ್ಲಿ ಇದು ಎರಡು ಮೂರು ವರ್ಷ ಬಾಳುತ್ತದೆ. ಮಳೆನೀರಿನಂತೆ ಲವಣಗಳು ಅತಿ ಕಡಮೆಯಿರುವ, ಸ್ವಲ್ಪ ಆಮ್ಲೀಯವಾದ, ೨೭ರಿಂದ ೩೦ ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿಗೆ ಹೊಂದಿಕೊಂಡ ಮೈ ಅದರದು. ನಮ್ಮ ಕೊಳವೆ ಬಾವಿಯ ನೀರು ಹಲವೆಡೆ ಇದಕ್ಕೆ ತೀರ ವಿರುದ್ಧ: ಗಡಸು, ಕ್ಷಾರೀಯ.

ಆಮ್ಲೀಯತೆಯನ್ನು ಪಿಎಚ್ ಎಂಬ ಅಂಕದಿಂದ ಅಳೆಯುವರು. ಏಳು ಎಂದರೆ ತಟಸ್ಥ. ಅದಕ್ಕಿಂತ ಕಡಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಇದು ಲಾಗರಿದಮ್ ಅಳತೆಯೆಂಬುದನ್ನು ಮರೆಯಬಾರದು. ಏಳರಿಂದ ಆರಕ್ಕೆ ಇಳಿದರೆ ಹೈಡ್ರೊಜನ್ ಅಯಾನುಗಳು ಹತ್ತುಮಡಿ, ಐದಕ್ಕೆ ಇಳಿದರೆ ನೂರುಮಡಿ. ಇದಕ್ಕೂ ಮೀನಿನ ಪ್ರಾಣಕ್ಕೂ ಇರುವ ಸಂಬಂಧವನ್ನು ತಿಳಿಯಲು ಅಮೋನಿಯವನ್ನು ನೋಡಬೇಕು. ಮೀನು ತನ್ನ ಮೈಯ ಸಾರಜನಕದ ಕಸವನ್ನು ಕಿವಿರಿನ ಮೂಲಕ ಅಮೋನಿಯದ ರೂಪದಲ್ಲಿ ಹೊರಹಾಕುತ್ತದೆ. ನೀರಿನಲ್ಲಿ ಅದು ಎರಡು ರೂಪಗಳಲ್ಲಿರುತ್ತದೆ: ವಿಷವಾದ ಅಮೋನಿಯ, ಮತ್ತು ಬಹುಮಟ್ಟಿಗೆ ನಿರುಪದ್ರವಿಯಾದ ಅಮೋನಿಯಂ ಅಯಾನು. ಪಿಎಚ್ ಆರು ಇದ್ದಾಗ ಒಟ್ಟಿನಲ್ಲಿ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಏಳರಲ್ಲಿ ಅದು ಇನ್ನೂರರಲ್ಲಿ ಒಂದು. ಎಂಟರಲ್ಲಿ ಇಪ್ಪತ್ತರಲ್ಲಿ ಒಂದು. ಅಷ್ಟೇ ಮೀನು, ಅಷ್ಟೇ ಆಹಾರ, ಅಷ್ಟೇ ಕೊಳೆ. ನೀರಿನ ಗುಣ ಬದಲಾದ ಮಾತ್ರಕ್ಕೆ ವಿಷ ನೂರುಮಡಿ!

ದೂರದಿಂದ ಬಂದ ಮೀನು ಮನೆಗೆ ತಂದ ಮಾರನೆಯ ಬೆಳಗ್ಗೆಯೇ ಸಾಯುವುದಕ್ಕೆ ಒಂದು ಮುಖ್ಯ ಕಾರಣವೂ ಇಲ್ಲಿಯೇ ದೊರೆಯುತ್ತದೆ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಉಸಿರಾಡುತ್ತಾ ಇಂಗಾಲದ ಡೈಆಕ್ಸೈಡು ಸೇರುತ್ತದೆ, ನೀರು ಆಮ್ಲೀಯವಾಗುತ್ತದೆ, ಸೇರುತ್ತ ಬಂದ ಅಮೋನಿಯ ನಿರುಪದ್ರವಿ ರೂಪದಲ್ಲಿ ಅಡಗಿರುತ್ತದೆ. ಚೀಲವನ್ನು ಬಿಚ್ಚಿದೊಡನೆ ಡೈಆಕ್ಸೈಡು ಹಾರಿಹೋಗಿ ಪಿಎಚ್ ಏರುತ್ತದೆ. ಅಡಗಿದ್ದ ವಿಷ ಎದ್ದುನಿಲ್ಲುತ್ತದೆ. ಆದುದರಿಂದ ಒಂದೆರಡು ದಿನ ಪಯಣಿಸಿ ಬಂದ ಮೀನಿನ ಚೀಲವನ್ನು ಬಿಚ್ಚಿಟ್ಟು, ಗಂಟೆಗಟ್ಟಲೆ ಕ್ಷಾರೀಯ ನೀರನ್ನು ಬೆರೆಸುತ್ತ ಕೂರಬಾರದು. ಕಟ್ಟಿದ ಚೀಲವನ್ನೇ ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಉಷ್ಣತೆ ಸಮನಾದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ತಡಮಾಡದೆ ಬಿಡಬೇಕು. ಚೀಲದ ನೀರನ್ನು ಚೆಲ್ಲಬೇಕು. ಊರಿನ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಈ ಅಪಾಯವಿಲ್ಲ. ಅಲ್ಲಿ ನಿಧಾನವಾಗಿ ನೀರು ಬೆರೆಸುವುದೇ ಮೇಲು. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಅಭಿಸರಣದಿಂದ ನೀರು ಸದಾ ಕಿವಿರಿನ ಮೂಲಕ ಒಳನುಗ್ಗುತ್ತಿರುತ್ತದೆ, ಮೂತ್ರಪಿಂಡ ಸದಾ ಹೊರಗೆ ಸಾಗಿಸುತ್ತಿರುತ್ತದೆ. ಹೊರಗಿನ ಲವಣ ತಟಕ್ಕನೆ ಬದಲಾದರೆ ಕೆಲವೇ ಗ್ರಾಂ ತೂಕದ ಆ ಮೈ ತಡೆದುಕೊಳ್ಳಲಾರದು.

ಅಮೋನಿಯವನ್ನು ತಿಂದು ನೈಟ್ರೈಟ್ ಆಗಿಯೂ, ಮುಂದೆ ಅಷ್ಟೊಂದು ಹಾನಿಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಮರಳಿನಲ್ಲಿ, ಸ್ಪಂಜಿನ ಫಿಲ್ಟರಿನಲ್ಲಿ ನೆಲಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ಬೇರೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿಯನ್ನು ಕೊಂಡ ದಿನವೇ ರ್ಯಾಮನ್ನೂ ಕೊಳ್ಳುವವನು ಮೀನನ್ನಲ್ಲ, ಮೀನಿನ ಸಾವನ್ನು ಕೊಂಡಂತೆ.

ಮೆದು ನೀರನ್ನು ಪಡೆಯುವುದು ಈಗ ಕಷ್ಟವಲ್ಲ. ಸೂರಿನಿಂದ ಹಿಡಿದ ಶುದ್ಧ ಮಳೆನೀರನ್ನು, ಅಥವಾ ಮನೆಯ ಆರ್‌ಓ ಯಂತ್ರದ ನೀರನ್ನು, ಕ್ಲೋರಿನ್ ಕಳೆದ ನಲ್ಲಿ ನೀರಿನೊಡನೆ ಬೆರೆಸಿದರಾಯಿತು. ಟಿಡಿಎಸ್ ಮಾಪಕವೆಂದು ಮಾರುವ ಪುಟ್ಟ ಉಪಕರಣ ನಿಜವಾಗಿ ಲವಣವನ್ನು ತೂಗುವುದಿಲ್ಲ. ನೀರಿನ ವಿದ್ಯುದ್ವಾಹಕತೆಯನ್ನು ಅಳೆದು, ಒಂದು ಗುಣಾಂಕದಿಂದ ಲೆಕ್ಕಹಾಕಿ ಅಂಕಿಯನ್ನು ತೋರಿಸುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಬೀದಿಬದಿಯ ಬಾದಾಮಿ ಮರದ ಒಣಗಿದ ಎಲೆಯನ್ನು ತೊಳೆದು ಹಾಕಿದರೆ ನೀರು ಚಹದ ಬಣ್ಣಕ್ಕೆ ತಿರುಗಿ, ಮೆದು ನೀರಾದರೆ ಸ್ವಲ್ಪ ಆಮ್ಲೀಯವೂ ಆಗುತ್ತದೆ. ಹೊರದೇಶಗಳ ಮೀನುಪ್ರಿಯರು ಇದೇ ಎಲೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮಲ್ಲಿ ಅದು ಗುಡಿಸಿ ಸುಡುವ ಕಸ.

ಇನ್ನು ಉಷ್ಣತೆ. ಬೆಂಗಳೂರಿನ ಡಿಸೆಂಬರಿನ ರಾತ್ರಿಗಳು ೧೬ ಡಿಗ್ರಿಯ ಸುಮಾರಿಗೆ ಇಳಿಯುವುದರಿಂದ ಅಲ್ಲಿ ಥರ್ಮೋಸ್ಟಾಟ್ ಇರುವ ಹೀಟರು ಅಗತ್ಯ. ಕರಾವಳಿಯಲ್ಲಿ ಅದಕ್ಕೆ ಕೆಲಸ ಕಡಮೆ. ಅರವತ್ತು ಲೀಟರು ನೀರನ್ನು ಒಂದು ಡಿಗ್ರಿ ಏರಿಸಲು ೨,೫೨,೦೦೦ ಜೂಲ್ ಶಕ್ತಿ ಬೇಕು. ಐವತ್ತು ವಾಟಿನ ಹೀಟರು ಇದನ್ನು ಕೊಡಲು, ಸೋರಿಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ೮೪ ನಿಮಿಷ ತೆಗೆದುಕೊಳ್ಳುತ್ತದೆ. ಈ ನಿಧಾನವೇ ಮೀನಿಗೆ ಕ್ಷೇಮ. ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ: ೨೦ ಡಿಗ್ರಿಯಲ್ಲಿ ಲೀಟರಿಗೆ ೯.೧ ಮಿಲಿಗ್ರಾಂ, ೩೦ ಡಿಗ್ರಿಯಲ್ಲಿ ೭.೬. ಬಿಸಿ ನೀರಿನಲ್ಲಿ ಮೀನಿಗೆ ಆಮ್ಲಜನಕ ಬೇಕಾಗುವುದು ಹೆಚ್ಚು, ದೊರೆಯುವುದು ಕಡಮೆ. ಆದುದರಿಂದ ಫಿಲ್ಟರಿನ ಗುಳ್ಳೆಗಳು ನೀರಿನ ಮೇಲ್ಮೈಯನ್ನು ಸದಾ ಕದಡುತ್ತಿರಬೇಕು.

ಈಗ ನಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಮನುಷ್ಯನಲ್ಲಿ ಲಿಂಗವನ್ನು ನಿರ್ಣಯಿಸುವುದು ತಂದೆಯ ವೀರ್ಯಾಣು ತರುವ ವರ್ಣತಂತು. ಗರ್ಭ ಕಟ್ಟಿದ ಕ್ಷಣವೇ ತೀರ್ಪು ಮುಗಿದಿರುತ್ತದೆ. ಕುಳ್ಳ ಸಿಕ್ಲಿಡ್ಡುಗಳಲ್ಲಿ ಹಾಗಿಲ್ಲ. ಜರ್ಮನಿಯ ರೋಮರ್ ಮತ್ತು ಬೈಸೆನ್ಹರ್ಟ್ಸ್ ಎಂಬ ಸಂಶೋಧಕರು ಅಪಿಸ್ಟೋಗ್ರಾಮದ ಅನೇಕ ಜಾತಿಗಳ ಮರಿಗಳನ್ನು ೨೩ರಿಂದ ೨೯ ಡಿಗ್ರಿಯವರೆಗಿನ ಬೇರೆ ಬೇರೆ ಉಷ್ಣತೆಗಳಲ್ಲಿಯೂ ಬೇರೆ ಬೇರೆ ಪಿಎಚ್‌ಗಳಲ್ಲಿಯೂ ಬೆಳೆಸಿ, ೧೯೯೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂವತ್ತಕ್ಕೂ ಹೆಚ್ಚು ಜಾತಿಗಳಲ್ಲಿ ಗಂಡು ಹೆಣ್ಣುಗಳ ಪ್ರಮಾಣ ಪರಿಸರವನ್ನು ಅವಲಂಬಿಸಿತ್ತು, ಬಹುಮಟ್ಟಿಗೆ ಉಷ್ಣತೆಯನ್ನು. ತಂಪು ನೀರಿನಲ್ಲಿ ಹೆಣ್ಣುಗಳು ಹೆಚ್ಚು, ಬಿಸಿ ನೀರಿನಲ್ಲಿ ಗಂಡುಗಳು ಹೆಚ್ಚು. ಈ ಪ್ರಭಾವ ನಡೆಯುವುದು ಬದುಕಿನ ಮೊದಲ ಕೆಲವು ವಾರಗಳಲ್ಲಿ ಮಾತ್ರ. ಆಮೇಲೆ ನೀರನ್ನು ಏನು ಮಾಡಿದರೂ ಗಂಡು ಗಂಡೇ, ಹೆಣ್ಣು ಹೆಣ್ಣೇ.

ಪಶ್ಚಿಮ ಆಫ್ರಿಕದ ಕ್ರಿಬೆನ್ಸಿಸ್ ಎಂಬ ಕುಳ್ಳ ಸಿಕ್ಲಿಡ್ಡಿನಲ್ಲಿ ಪಿಎಚ್‌ನ ಪ್ರಭಾವ ಎದ್ದುಕಾಣುತ್ತದೆ: ಆಮ್ಲೀಯ ನೀರಿನಲ್ಲಿ ಬೆಳೆದ ಮರಿಗಳಲ್ಲಿ ಗಂಡುಗಳೇ ಹೆಚ್ಚು. ರೆಡನ್ ಮತ್ತು ಹರ್ಡ್ ಎಂಬುವರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಗಂಡುಗಳು ಕೆಂಪು ಬಗೆಯವಾಗುತ್ತವೆಯೋ ಹಳದಿ ಬಗೆಯವಾಗುತ್ತವೆಯೋ ಎಂಬುದರಲ್ಲಿಯೂ ನೀರಿನ ಕೈವಾಡವಿದೆಯೆಂದು ತೋರಿಸಿತು.

ನೀರಿನ ಬಿಸಿಗೂ ಲಿಂಗಕ್ಕೂ ನಡುವೆ ಕೊಂಡಿ ಯಾವುದು? ತಿಲಾಪಿಯದಂತಹ ಮೀನುಗಳ ಮೇಲೆ ನಡೆದ ಸಂಶೋಧನೆ ಅರೊಮಟೇಸ್ ಎಂಬ ಕಿಣ್ವದ ಕಡೆಗೆ ಕೈತೋರುತ್ತದೆ. ಗಂಡುಹಾರ್ಮೋನನ್ನು ಹೆಣ್ಣುಹಾರ್ಮೋನಾಗಿ ಮಾರ್ಪಡಿಸುವುದು ಇದರ ಕೆಲಸ. ಎಳೆಯ ಮರಿಯ ಜನನಾಂಗ ಇನ್ನೂ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬ ಸ್ಥಿತಿಯಲ್ಲಿರುವಾಗ ಹೆಚ್ಚಿನ ಉಷ್ಣತೆ ಈ ಕಿಣ್ವದ ಉತ್ಪತ್ತಿಯನ್ನು ಕುಗ್ಗಿಸಿದರೆ, ತಕ್ಕಡಿ ಗಂಡಿನ ಕಡೆಗೆ ವಾಲುತ್ತದೆ. ತಿಲಾಪಿಯದ ಮರಿಗಳಿಗೆ ಮೊದಲ ವಾರಗಳಲ್ಲಿ ಗಂಡುಹಾರ್ಮೋನು ಬೆರೆಸಿದ ಆಹಾರ ಕೊಟ್ಟು, ಬೇಗ ಬೆಳೆಯುವ ಗಂಡುಗಳನ್ನೇ ಪಡೆಯುವ ಕ್ರಮ ಅನೇಕ ದೇಶಗಳ ಮೀನುಸಾಕಣೆಯಲ್ಲಿದೆ. ಅದೂ ಇದೇ ಬಾಗಿಲಿನಿಂದ ಒಳನುಗ್ಗುವ ಉಪಾಯ. ಬಿಸಿಯಾದರೆ ಗಂಡು ಎಂಬುದು ಪ್ರಕೃತಿಯ ಸಾರ್ವತ್ರಿಕ ನಿಯಮವೆಂದು ಮಾತ್ರ ಎಣಿಸಬಾರದು. ಉತ್ತರ ಕನ್ನಡದ ಕಡಲತೀರದಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಗಳಲ್ಲಿ ಮರಳು ಬಿಸಿಯಾದಷ್ಟೂ ಹುಟ್ಟುವುದು ಹೆಣ್ಣು.

ಈಗ ಮತ್ತೆ ಅಂಗಡಿಗೆ ಹೋಗೋಣ. ಜೋಡಿಯನ್ನು ಪಡೆಯಲು ಅನುಭವಿಗಳು ಹೇಳುವ ಉಪಾಯವೆಂದರೆ ಆರು ಎಳೆಯ ಮೀನುಗಳನ್ನು ತಂದು ಒಟ್ಟಿಗೆ ಬೆಳೆಸಿ, ತಾವಾಗಿಯೇ ಜೋಡಿ ಕಟ್ಟಿಕೊಳ್ಳಲು ಬಿಡುವುದು. ಗಂಡು ಹೆಣ್ಣುಗಳು ಸಮಸಮವಾಗಿ ಹುಟ್ಟುವುದಾದರೆ ಆರೂ ಒಂದೇ ಲಿಂಗದವಾಗುವ ಸಂಭವ ಮೂವತ್ತೆರಡರಲ್ಲಿ ಒಂದು, ಉಪಾಯ ಒಳ್ಳೆಯದೇ. ಆದರೆ ಆ ಮರಿಗಳು ಬಿಸಿ ಕೊಳದಲ್ಲಿ ಬೆಳೆದು ನೂರಕ್ಕೆ ಎಂಬತ್ತು ಗಂಡಾಗಿದ್ದವೆಂದು ಇಟ್ಟುಕೊಳ್ಳಿ. ಆಗ ಆರೂ ಗಂಡಾಗುವ ಸಂಭವ ೦.೮ರ ಆರನೆಯ ಘಾತ, ಎಂದರೆ ೦.೨೬, ನಾಲ್ಕು ಸಲಕ್ಕೆ ಒಂದು ಸಲ ಜೋಡಿಯೇ ಇಲ್ಲ! ಆದುದರಿಂದ ಅಪಿಸ್ಟೋಗ್ರಾಮವನ್ನು ಕೊಳ್ಳುವವರು ಆರನ್ನೂ ಒಂದೇ ತೊಟ್ಟಿಯಿಂದ ಆರಿಸದೆ, ಬೇರೆ ಬೇರೆ ಕಡೆ ಬೆಳೆದ ಎರಡು ತಂಡಗಳಿಂದ ಮೂರು ಮೂರನ್ನು ತರುವುದು ಮೇಲು.

ಜೋಡಿಯಾಯಿತೆಂದು ಹೇಗೆ ತಿಳಿಯುವುದು? ಚಪ್ಪಟೆ ಕಲ್ಲನ್ನು ಎರಡೂ ಸೇರಿ ಬಾಯಿಂದ ಉಜ್ಜಿ ಶುದ್ಧಮಾಡುವುದು, ಉಳಿದವನ್ನು ಅಲ್ಲಿಂದ ಅಟ್ಟುವುದು ಒಳ್ಳೆಯ ಲಕ್ಷಣ. ಆದರೂ ಮೊಟ್ಟೆ ಕಂಡೊಡನೆ ಹಿಗ್ಗಬಾರದು. ಗಂಡಿಲ್ಲದೆಡೆಯಲ್ಲಿ ಎರಡು ಹೆಣ್ಣು ರ್ಯಾಮುಗಳೇ ಕೂಡಿ ಒಂದೇ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಕಾಯುವುದೂ ಉಂಟು. ಎರಡು ದಿನ ನೋಡಬೇಕು. ಫಲಿತವಾದ ಮೊಟ್ಟೆ ಪಾರದರ್ಶಕವಾಗಿ ಉಳಿದು, ಒಳಗೆ ಮರಿಯ ಕಪ್ಪು ಕಣ್ಣು ಮೂಡುತ್ತದೆ; ಫಲಿತವಾಗದ್ದು ಸುಣ್ಣದಂತೆ ಬಿಳುಪಾಗಿ ಬೂಷ್ಟು ಹಿಡಿಯುತ್ತದೆ. ಮರಿಗಳು ಈಜತೊಡಗಿದ ಮೇಲೆ ಆಗತಾನೆ ಒಡೆದ ಆರ್ಟೀಮಿಯದ ಮರಿಗಳೇ ಅವಕ್ಕೆ ಮೊದಲ ಆಹಾರ.

ಕಾಲೇಜಿನ ವಿದ್ಯಾರ್ಥಿಗಳು ಇಲ್ಲಿಂದ ಮುಂದೆ ಒಂದು ಪ್ರಯೋಗವನ್ನು ಮಾಡಬಹುದು. ಕಕಟುವಾಯಿಡಿಸ್ ಜೋಡಿಯ ಒಂದೇ ಸೂಲಿನ ಅರವತ್ತು ಮರಿಗಳನ್ನು ಈಜತೊಡಗಿದ ದಿನವೇ ಎರಡು ಪಾಲು ಮಾಡಿ, ಒಂದನ್ನು ೨೪, ಇನ್ನೊಂದನ್ನು ೨೮ ಡಿಗ್ರಿಯ ತೊಟ್ಟಿಯಲ್ಲಿಟ್ಟು, ಎರಡಕ್ಕೂ ಒಂದೇ ನೀರು, ಒಂದೇ ಆಹಾರ ಕೊಟ್ಟು ಎರಡು ತಿಂಗಳು ಬೆಳೆಸಬೇಕು. ಆಮೇಲೆ ಎರಡನ್ನೂ ೨೬ ಡಿಗ್ರಿಗೆ ತಂದು, ಲಿಂಗದ ಗುರುತುಗಳು ಸ್ಪಷ್ಟವಾಗುವವರೆಗೆ ಕಾದು ಎಣಿಸಬೇಕು. ಮೂವತ್ತರಲ್ಲಿ ಗಂಡುಗಳು ಹತ್ತರಿಂದ ಇಪ್ಪತ್ತರ ಒಳಗೆ ಬಂದರೆ ಅದು ಬರಿಯ ಆಕಸ್ಮಿಕವಾಗಿರಬಹುದು; ಅದನ್ನು ಮೀರಿದರೆ ಉಷ್ಣತೆಯ ಕೈಯಿದೆಯೆನ್ನಲು ಆಧಾರವುಂಟು. ಹೆಚ್ಚಾದ ಮರಿಗಳನ್ನು ಗೆಳೆಯರಿಗೆ ಕೊಡಬಹುದು, ಅಂಗಡಿಗೆ ಹಿಂದಿರುಗಿಸಬಹುದು; ಕೆರೆಗೆ ಮಾತ್ರ ಬಿಡಲಾಗದು. ಹೊರಗಿನ ಸಿಕ್ಲಿಡ್ ನಮ್ಮ ಕೆರೆಗಳಲ್ಲಿ ಏನು ಮಾಡೀತೆಂಬುದಕ್ಕೆ ಜಿಲೇಬಿ ಮೀನೇ ಸಾಕ್ಷಿ. ಇನ್ನೊಂದು ಎಚ್ಚರ: ಸತ್ತ ಮರಿಗಳನ್ನೂ ದಿನವೂ ಎಣಿಸಿ ಬರೆದಿಡಬೇಕು. ಬಿಸಿ ತೊಟ್ಟಿಯಲ್ಲಿ ಹೆಣ್ಣು ಮರಿಗಳೇ ಹೆಚ್ಚಾಗ ಸತ್ತಿದ್ದರೂ ಕೊನೆಗೆ ಗಂಡುಗಳೇ ಹೆಚ್ಚಾಗಿ ಕಾಣುತ್ತವೆ. ಮೂವತ್ತರಲ್ಲಿ ಇಪ್ಪತ್ತೆಂಟು ಉಳಿದಿದ್ದರೆ ಆ ಸಂಶಯಕ್ಕೆ ಎಡೆಯಿಲ್ಲ. ಹದಿನೈದೇ ಉಳಿದಿದ್ದರೆ ಪ್ರಯೋಗವನ್ನು ಮುಂದಿನ ಸೂಲಿನಲ್ಲಿ ಮತ್ತೆ ಮಾಡಬೇಕು.